ರಿಜಿಸ್ಟ್ರೇಷನ್ ತಾರೀಖು ತಪ್ಪಿತೇ? ಮೊದಲು ಕರಾರು ಪತ್ರ ಹೊರಗೆ ತೆಗೆಯಿರಿ

ಹಾಸನದಲ್ಲಿ ಪತ್ರ ಬರೆಯುವುದು ನನ್ನ ಕೆಲಸ. ನಮ್ಮಪ್ಪ ಛಾಪಾ ಕಾಗದದ ಮೇಲೆ ಕೈಯಲ್ಲೇ ಬರೆಯುತ್ತಿದ್ದರು. ನಾನು ಕಂಪ್ಯೂಟರಿನಲ್ಲಿ ಟೈಪ್ ಮಾಡಿ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶಕ್ಕೆ ಏರಿಸುತ್ತೇನೆ. ಮನೆ ಕೊಳ್ಳುವವರು ಕರಾರು ಬರೆಸಲು ಬರುವಾಗ ಬಾಳೆಹಣ್ಣು, ಪೇಡ ಹಿಡಿದು ಬರುತ್ತಾರೆ. ಕ್ರಯದ ತಾರೀಖು ತಪ್ಪಿದ ಮೇಲೆ ಬರುವಾಗ ಮುಖ ಬೇರೆ ಇರುತ್ತದೆ. "ಡೇಟ್ ಮುಗಿದೋಯ್ತು ಸ್ವಾಮಿ, ಅಡ್ವಾನ್ಸ್ ಹೋದಂಗೇನಾ?" ಅಂತ ಕೊಳ್ಳುವವರು. "ಇನ್ನು ಬೇರೆಯವರಿಗೆ ಕೊಟ್ಟುಬಿಡಬಹುದಲ್ವಾ?" ಅಂತ ಮಾರುವವರು. ಇಬ್ಬರಿಗೂ ನಾನು ಹೇಳುವುದು ಒಂದೇ: ಅಷ್ಟು ಸುಲಭವಾಗಿ ಅಲ್ಲ.

ನಾನು ವಕೀಲನಲ್ಲ. ದಾವೆ ಹಾಕುವ ಹಂತಕ್ಕೆ ಬಂದರೆ ವಕೀಲರೇ ಬೇಕು. ಆದರೆ ಅವರ ಬಾಗಿಲಿಗೆ ಹೋಗುವ ಮುಂಚಿನ ಕೆಲವು ದಿನಗಳಲ್ಲಿ ಏನು ಮಾಡಿದಿರಿ, ಏನು ಬಿಟ್ಟಿರಿ ಅನ್ನುವುದರ ಮೇಲೆ ಅರ್ಧ ಕೇಸು ನಿಂತಿರುತ್ತದೆ. ಈ ಬರಹ ಆ ದಿನಗಳಿಗೆ.

ಕರಾರಿನಲ್ಲಿ ಏನು ಬರೆದಿದೆ?

ಮೊದಲು ಕ್ರಯದ ಕರಾರು ಪತ್ರ ತೆಗೆದು ಓದಿ. ಜೆರಾಕ್ಸ್ ಸಾಲದು, ಮೂಲ ಪತ್ರವನ್ನೇ ತೆಗೆಯಿರಿ. ಹಿಂಬದಿಯನ್ನೂ ನೋಡಿ, ಅಲ್ಲೇ ಷರಾ ಬರೆದಿರುತ್ತಾರೆ. ಸಾಮಾನ್ಯವಾಗಿ "ಈ ದಿನದಿಂದ 3 ತಿಂಗಳ ಒಳಗೆ ಉಳಿಕೆ ಹಣ ಪಾವತಿಸಿ ಶುದ್ಧ ಕ್ರಯಪತ್ರ ಬರೆಸಿಕೊಳ್ಳತಕ್ಕದ್ದು" ಅಂತ ಒಂದು ಸಾಲು ಇರುತ್ತದೆ. ಇಷ್ಟೇ ಇದ್ದರೆ, ತಾರೀಖು ದಾಟಿದ ಮಾತ್ರಕ್ಕೆ ಕರಾರು ಸತ್ತು ಹೋಗುವುದಿಲ್ಲ. ಮನೆ, ಜಮೀನಿನ ವ್ಯವಹಾರದಲ್ಲಿ ದಿನ ಬರೆದ ಮಾತ್ರಕ್ಕೆ ಅದೇ ಕರಾರಿನ ಜೀವ ಅಂತ ತಿಳಿಯಬೇಕಿಲ್ಲ ಅಂತ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ 1992ರಲ್ಲೇ ಹೇಳಿದೆ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ದಿನ ಮುಖ್ಯವಲ್ಲದಿದ್ದರೂ ನ್ಯಾಯವಾದ ಸಮಯದೊಳಗೆ ಮುಗಿಸಲೇಬೇಕು. ಜನ ಮೊದಲ ಮಾತು ಕೇಳಿಸಿಕೊಳ್ಳುತ್ತಾರೆ, ಎರಡನೆಯದನ್ನು ಬಿಡುತ್ತಾರೆ.

ಕರಾರಿನಲ್ಲಿ "ಅವಧಿಯೇ ಈ ಕರಾರಿನ ಮುಖ್ಯ ಅಂಶ, ತಪ್ಪಿದಲ್ಲಿ ಕರಾರು ರದ್ದಾಗತಕ್ಕದ್ದು" ಅಂತ ಸ್ಪಷ್ಟವಾಗಿ ಬರೆದಿದ್ದರೆ ಕೊಳ್ಳುವವರ ನಿಲುವು ಬಿಗಿಯಾಗುತ್ತದೆ. ಆಗ ಕರಾರು ಕಾಯ್ದೆಯ 55ನೇ ಕಲಂ ಪ್ರಕಾರ ಎದುರಿನವರು ಕರಾರನ್ನು ಕೈಬಿಡಬಹುದು. ಆದರೆ ಅವಧಿ ಮುಗಿದ ಮೇಲೂ ಮಾರುವವರು ಇನ್ನೊಂದು ಲಕ್ಷ ಫೋನ್‌ಪೇನಲ್ಲೋ ಚೆಕ್ಕಲ್ಲೋ ಸುಮ್ನೆ ತೆಗೆದುಕೊಂಡಿದ್ದರೆ, ಅವಧಿ ಮುಖ್ಯ ಅನ್ನುವ ಅವರ ಮಾತು ಸಡಿಲವಾಗುತ್ತದೆ. ಮಾರುವವರೇ, ಇದನ್ನು ಗಮನಿಸಿ. ತಾರೀಖು ದಾಟಿದ ಮೇಲೆ ಹಣ ಮುಟ್ಟುವ ಮೊದಲು ಒಂದು ಪತ್ರ ಮಾಡಿಕೊಳ್ಳಿ.

ಆಮೇಲೆ ನೋಡಬೇಕಾದ್ದು, ಯಾರ ಕೆಲಸ ಯಾವುದು ಅಂತ. ಖಾತೆ, ಇಸಿ (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರ ತೋರಿಸುವ ಋಣಭಾರ ಪತ್ರ), ಕಂದಾಯ ರಸೀದಿ, ಬ್ಯಾಂಕಿನ ಸಾಲ ತೀರಿದ ಪತ್ರ ಎಲ್ಲ ಕೊಡುವುದು ಮಾರುವವರ ಕೆಲಸ ಅಂತ ಬರೆದಿರುತ್ತದೆ. ಈಗ ಪಟ್ಟಣದೊಳಗಿನ ಮನೆಗೆ ಇ-ಖಾತಾ, ಪಂಚಾಯ್ತಿ ಮನೆಗೆ ಇ-ಸ್ವತ್ತಿನ ನಮೂನೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ತಣ್ಣೀರುಹಳ್ಳದ ಕಡೆಯ ಒಂದು ಮನೆ ವ್ಯವಹಾರದಲ್ಲಿ ಮಾರುವವರು "ಇವರು ಹಣ ತರಲಿಲ್ಲ" ಅಂತ ಕೂಗಾಡಿದರು. ನೋಡಿದರೆ ಇ-ಖಾತಾದಲ್ಲಿ ಇನ್ನೂ ಅವರ ತೀರಿಹೋದ ತಂದೆಯ ಹೆಸರೇ ಇತ್ತು. ಅವರ ಕೆಲಸ ಮೊದಲು ಆಗಬೇಕು, ಆಮೇಲೆ ಹಣದ ಮಾತು. ಇಂಥ ಕಡೆ ತಾರೀಖು ತಪ್ಪಿದ್ದು ಕೊಳ್ಳುವವರಿಂದ ಅಂತ ಯಾವ ಕೋರ್ಟೂ ಹೇಳುವುದಿಲ್ಲ.

ಆ ದಿನ, ಆ ವಾರ

ನೀವು ಬಂದಿದ್ದೀರಿ, ಎದುರಿನವರು ಬಂದಿಲ್ಲ ಅನ್ನಿ. ಸಬ್ ರಿಜಿಸ್ಟ್ರಾರ್ ಹತ್ತಿರ ಹೋಗಿ "ಅವರನ್ನು ಕರೆಸಿ" ಅನ್ನಬೇಡಿ. ಸಹಿಯೇ ಆಗದ ಪತ್ರಕ್ಕೆ ಮಾರುವವರನ್ನು ಕರೆತರುವುದು ಅವರ ಕೆಲಸವಲ್ಲ. ಮಾರುವವರು ಬಂದು ಫೋಟೋ, ಹೆಬ್ಬೆಟ್ಟು ಕೊಡದೆ ಕ್ರಯ ಆಗುವುದೂ ಇಲ್ಲ. ನೀವು ಮಾಡಬೇಕಾದ್ದು ದಾಖಲೆ ಕೂಡಿಡುವುದು. ಕಾವೇರಿಯಲ್ಲಿ ನೋಂದಣಿಗೆ ಹಿಡಿದ ಸಮಯದ (ಸ್ಲಾಟ್) ಪ್ರಿಂಟ್, ಶುಲ್ಕ ಕಟ್ಟಿದ್ದರೆ ಅದರ ರಸೀದಿ, ಡಿಡಿ ಜೆರಾಕ್ಸ್, ಆ ದಿನದ ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲ ಮಂಜೂರಾದ ಪತ್ರ. ಕಚೇರಿ ಅಂಗಳದಲ್ಲಿ ನಿಂತೇ ಒಂದು ವಾಟ್ಸಾಪ್ ಕಳಿಸಿ. ನಾನು ಬರೆಸುವುದು ಹೀಗೆ:

"ಸಾರ್, ನಮ್ಮ ಕರಾರಿನ ಪ್ರಕಾರ ಇವತ್ತು ಬೆಳಿಗ್ಗೆ 11ರ ಸ್ಲಾಟ್‌ಗೆ ನಾನು ಮತ್ತು ಸಾಕ್ಷಿಗಳು ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದಿದ್ದೇವೆ. ಉಳಿಕೆ ಹಣದ ಡಿಡಿ ಕೈಯಲ್ಲಿದೆ. ತಾವು ಬಂದಿಲ್ಲ. ಕ್ರಯ ಮಾಡಿಸಿಕೊಳ್ಳಲು ನಾನು ಈಗಲೂ ಸಿದ್ಧ. ಯಾವ ದಿನ ಬರುತ್ತೀರಿ ತಿಳಿಸಿ."

ಬೈಗುಳ ಬೇಡ, "ನೋಡ್ಕೋತೀನಿ" ಬೇಡ. ಈ ಮೆಸೇಜು ನಾಳೆ ನ್ಯಾಯಾಧೀಶರ ಮುಂದೆ ಬರಬಹುದು ಅಂತ ನೆನಪಿಟ್ಟು ಬರೆಯಿರಿ.

ಇದಕ್ಕೆ ಯಾಕೆ ಇಷ್ಟು ಒತ್ತು? ನಿರ್ದಿಷ್ಟ ಪರಿಹಾರ ಕಾಯ್ದೆಯ 16ನೇ ಕಲಂ ಪ್ರಕಾರ, ಕ್ರಯ ಮಾಡಿಸಿಕೊಡಿ ಅಂತ ಕೋರ್ಟಿಗೆ ಹೋದವರು ತಾವು ಮೊದಲಿನಿಂದ ಕೊನೆಯವರೆಗೂ ತಯಾರಿದ್ದೆವು, ಮನಸ್ಸೂ ಇತ್ತು ಅಂತ ಸಾಬೀತು ಮಾಡಬೇಕು. ತಯಾರಿ ಅಂದರೆ ಹಣ. ಮನಸ್ಸು ಅಂದರೆ ನಿಮ್ಮ ನಡತೆ. ಮನಸ್ಸು ಎಲ್ಲರಿಗೂ ಇರುತ್ತದೆ, ಹಣ ಎಲ್ಲಿತ್ತು ಅಂತ ತೋರಿಸುವಾಗಲೇ ಜನ ಎಡವುವುದು. 2018ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ, ಷರತ್ತು ಪೂರೈಸಿದವರಿಗೆ ಕ್ರಯ ಮಾಡಿಸಿಕೊಡಿ ಅಂತ ಆದೇಶ ಸಿಗುವುದು ಮೊದಲಿಗಿಂತ ಗಟ್ಟಿಯಾಗಿದೆ. ಆದರೆ ಈ ಸಾಬೀತಿನ ಭಾರ ಹಾಗೇ ಉಳಿದಿದೆ.

ಒಂದು ವಾರದೊಳಗೆ ಉತ್ತರ ಬರದಿದ್ದರೆ ವಕೀಲರಿಂದ ನೋಟಿಸ್ ಕೊಡಿಸಿ, ತಲುಪಿದ ದಾಖಲೆ ಸಿಗುವಂತೆ ಅಂಚೆಯಲ್ಲಿ ಕಳಿಸಿ. ಹದಿನೈದು ದಿನ ಗಡುವು ಕೊಟ್ಟು, ಇಂಥ ದಿನ ಇಂಥ ಕಚೇರಿಗೆ ಬನ್ನಿ ಅಂತ ಬರೆಯಬೇಕು. ನೋಟಿಸ್ ನಿಮಗೇ ಬಂದರೆ ಸುಮ್ಮನೆ ಕೂರಬೇಡಿ. "ಉತ್ತರ ಕೊಟ್ಟರೆ ಸಿಕ್ಕಿಕೊಳ್ತೀವಿ" ಅನ್ನುವುದು ನಮ್ಮ ಕಡೆಯ ದೊಡ್ಡ ಮೂಢನಂಬಿಕೆ. ಉತ್ತರ ಕೊಡದವರೇ ಜಾಸ್ತಿ ಸಿಕ್ಕಿಕೊಂಡಿದ್ದನ್ನು ನಾನು ನೋಡಿದ್ದೇನೆ. ಮಾರುವವರು ಕರಾರು ರದ್ದು ಅಂತಲೇ ನೋಟಿಸ್ ಕಳಿಸಿದ್ದರೆ ಅದನ್ನು ವಕೀಲರಿಗೆ ತಪ್ಪದೆ ತೋರಿಸಿ. ದಾವೆಯಲ್ಲಿ ಆ ರದ್ದತಿಯನ್ನೂ ಪ್ರಶ್ನಿಸಬೇಕಾಗುತ್ತದೆ.

ಬೇಕಾದಷ್ಟು ಸಲ ತಪ್ಪುವುದು ಒಳ್ಳೆಯ ಕಾರಣಕ್ಕೇ

ಎಲ್ಲ ತಾರೀಖೂ ಮೋಸದಿಂದ ತಪ್ಪುವುದಿಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟದವರು ಮಕ್ಕಳ ಓದಿಗೆ ಅಂತ ಹಾಸನದಲ್ಲಿ ಮನೆ ಕೊಳ್ಳುತ್ತಾರೆ. ಕಾಫಿ ದುಡ್ಡು ಬರುತ್ತದೆ ಅಂತ ಲೆಕ್ಕ ಹಾಕಿ ಮಾರ್ಚಿಗೆ ತಾರೀಖು ಇಡುತ್ತಾರೆ. ಕುಯ್ಲು ತಡವಾಯಿತು, ಆಳು ಸಿಗಲಿಲ್ಲ, ಕಣದಲ್ಲಿ ಕಾಫಿ ಒಣಗುವಾಗ ಮಳೆ ಬಂತು ಅಂದರೆ ಹಣ ಮೇ ತಿಂಗಳಿಗೆ ಜಾರುತ್ತದೆ. ಅಷ್ಟರಲ್ಲಿ ಆಷಾಢದ ಮಾತು ಶುರು. "ಆಷಾಢ ಕಳೀಲಿ ಸ್ವಾಮಿ, ಶ್ರಾವಣಕ್ಕೆ ಮಾಡ್ಕೊಳೋಣ." ನಮಗೂ ಪಂಚಾಂಗ ಬೇಕು, ರಾಹುಕಾಲ ನೋಡದೆ ಸ್ಲಾಟ್ ಹಿಡಿಯುವವರು ನಮ್ಮಲ್ಲಿ ಕಡಿಮೆ. ಆದರೆ ಕಾಯ್ದೆಯ ಪುಸ್ತಕದಲ್ಲಿ ಆಷಾಢ ಇಲ್ಲ.

ಇಂಥ ಕಡೆ ಔಷಧಿ ಒಂದೇ: ಅವಧಿ ವಿಸ್ತರಣೆಯನ್ನು ಬರವಣಿಗೆಯಲ್ಲಿ ಮಾಡಿಕೊಳ್ಳುವುದು. ಸಕಲೇಶಪುರದ ಒಬ್ಬ ಬೆಳೆಗಾರರು ವಿದ್ಯಾನಗರದಲ್ಲಿ 46 ಲಕ್ಷಕ್ಕೆ ಮನೆ ಮಾತಾಡಿ 5 ಲಕ್ಷ ಮುಂಗಡ ಕೊಟ್ಟಿದ್ದರು. ತಾರೀಖಿಗೆ ಇನ್ನೂ ವಾರ ಇರುವಾಗಲೇ ಮಾರುವ ಮೇಷ್ಟ್ರ ಮನೆಗೆ ಹೋಗಿ, "ಮೇಷ್ಟ್ರೇ, ಕಾಫಿ ಇನ್ನೂ ಗೋಡೌನಲ್ಲಿದೆ, ನಿಜ ಹೇಳ್ತೀನಿ" ಅಂದರು. ಮೇಷ್ಟ್ರಿಗೆ ಸಿಟ್ಟು ಬಂತು, ಮಗಳ ಮದುವೆಗೆ ಆ ಹಣ ಬೇಕಿತ್ತು. ಕೊನೆಗೆ ಇಬ್ಬರೂ ಬಂದು ಕೂತರು. ಇನ್ನೂ 4 ಲಕ್ಷ ಈಗಲೇ ಬ್ಯಾಂಕ್ ಮೂಲಕ, ಉಳಿದದ್ದು 45 ದಿನದಲ್ಲಿ, ಅದೂ ತಪ್ಪಿದರೆ ಇಂತಿಷ್ಟು ಬಡ್ಡಿ. ಹೀಗೆ ಬರೆದು ಇಬ್ಬರೂ ಸಹಿ ಹಾಕಿದರು. ನಲವತ್ತೈದು ದಿನದೊಳಗೆ ಕ್ರಯ ಮುಗಿಯಿತು.

ನೋಂದಣಿ ಆಗದ ಕರಾರಾದರೆ ಹಿಂಬದಿಯ ಷರಾ ಸಾಕು. ಎರಡೂ ಕಡೆಯವರ ಸಹಿ, ಸಾಕ್ಷಿ, ತಾರೀಖು ಇರಲಿ. ಕರಾರು ನೋಂದಣಿ ಆಗಿದ್ದರೆ ವಿಸ್ತರಣೆಯನ್ನೂ ನೋಂದಣಿ ಮಾಡಿಸಿ. ನೋಂದಾಯಿತ ಪತ್ರವನ್ನು ಬಾಯಿಮಾತಿನಲ್ಲಿ ಬದಲಾಯಿಸಿದ್ದೆವು ಅಂದರೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಸ್ಲಾಟ್ ಸಿಗದ್ದೇ ತೊಂದರೆ ಆಗಿದ್ದರೆ ಅದಕ್ಕೆ ದಾರಿ ಇದೆ. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗಿನ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ನೋಂದಣಿ ಮಾಡಿಸಬಹುದು. ಹಾಸನದ ಮನೆಯನ್ನು ಆಲೂರಿನಲ್ಲೋ ಬೇಲೂರಿನಲ್ಲೋ ಮಾಡಿಸಿಕೊಂಡು ಬರಬಹುದು. ಮಾರುವವರು ಹಾಸಿಗೆ ಹಿಡಿದಿದ್ದರೆ ಅಧಿಕಾರಿ ಮನೆಗೆ ಬಂದು ನೋಂದಣಿ ಮಾಡಲು ನೋಂದಣಿ ಕಾಯ್ದೆಯಲ್ಲೇ ಅವಕಾಶ ಇದೆ, ಅರ್ಜಿ ಕೊಡಬೇಕು. ದುಬೈಯಲ್ಲೋ ಅಮೆರಿಕದಲ್ಲೋ ಇದ್ದರೆ ಅಧಿಕಾರ ಪತ್ರ ತರಿಸಿ. ಒಬ್ಬರು ತೀರಿಕೊಂಡರೆ ಕರಾರು ತೀರುವುದಿಲ್ಲ, ವಾರಸುದಾರರಿಗೂ ಅದು ಅಂಟಿಕೊಂಡಿರುತ್ತದೆ.

ಕ್ರಯಪತ್ರಕ್ಕೆ ಸಹಿ ಆಗಿ, ನೋಂದಣಿಗೆ ಹಾಜರುಪಡಿಸುವುದು ಮಾತ್ರ ಬಾಕಿ ಇದ್ದರೆ ಲೆಕ್ಕ ಬೇರೆ. ಸಹಿಯಾದ ದಿನದಿಂದ ನಾಲ್ಕು ತಿಂಗಳು ಸಮಯ. ಅದೂ ಮೀರಿದರೆ ತಕ್ಕ ಕಾರಣ ಇದ್ದಲ್ಲಿ ಇನ್ನು ನಾಲ್ಕು ತಿಂಗಳು, ಆದರೆ ನೋಂದಣಿ ಶುಲ್ಕದ ಹತ್ತು ಪಟ್ಟಿನವರೆಗೂ ದಂಡ ಬೀಳಬಹುದು.

ಅಡ್ವಾನ್ಸ್ ಯಾರ ಪಾಲು?

ಜಗಳದ ಬೇರು ಇದೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೊಟ್ಟ ಹಣದಲ್ಲಿ ಎರಡು ಬಗೆ. ಮಾತು ಗಟ್ಟಿ ಮಾಡಲು ಕೊಟ್ಟ ಮುಂಗಡ ಒಂದು, ಬೆಲೆಯ ಭಾಗವಾಗಿ ಕಂತಿನಲ್ಲಿ ಕೊಟ್ಟದ್ದು ಇನ್ನೊಂದು. ಕೊಳ್ಳುವವರ ತಪ್ಪಿನಿಂದ ಕ್ರಯ ಮುರಿದರೆ ಮೊದಲನೆಯದನ್ನು ಮಾರುವವರು ಇಟ್ಟುಕೊಳ್ಳಬಹುದು. ಎರಡನೆಯದನ್ನು ಹಾಗೆಲ್ಲ ನುಂಗುವಂತಿಲ್ಲ. 1963ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಒಂದು ಕೇಸಿನಲ್ಲಿ ಮನೆಯ ಬೆಲೆ 1,12,500 ರೂಪಾಯಿ. ಮುಂಗಡ 1,000, ಆಮೇಲೆ ಕೊಟ್ಟದ್ದು 24,000. ಕೊಳ್ಳುವವರು ತಪ್ಪಿದರು. ಮುಟ್ಟುಗೋಲಿಗೆ ಸಿಕ್ಕಿದ್ದು ಬರೀ 1,000.

ಇದನ್ನೇ ನಂಬಿ ಕೂರಬೇಡಿ, ಇನ್ನೊಂದು ಕಡೆಯೂ ಇದೆ. ಬೆಂಗಳೂರಿನ ಒಂದು ಆಸ್ತಿಗೆ 2007ರಲ್ಲಿ ಕರಾರಾಗಿತ್ತು. ಬೆಲೆ 55.5 ಲಕ್ಷ, ಮುಂಗಡ 20 ಲಕ್ಷ, ನಾಲ್ಕು ತಿಂಗಳ ಅವಧಿ. ಕೊಳ್ಳುವವರು ಉಳಿಕೆ ಹಣ ಕೊಡಲಿಲ್ಲ. ಕೇಸು 2025ರವರೆಗೆ ನಡೆದು, ಇಪ್ಪತ್ತೂ ಲಕ್ಷ ಮುಟ್ಟುಗೋಲಾದದ್ದು ಸರಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ಆ ಹಣವನ್ನು ಮುಂಗಡ ಅಂತಲೇ ಕರಾರಿನಲ್ಲಿ ಬರೆದಿತ್ತು. ಮೇಲಾಗಿ ಕೊಳ್ಳುವವರು ದಾವೆಯಲ್ಲಿ ಬರೀ ಕ್ರಯ ಕೇಳಿದ್ದರು, ಅದು ಸಿಗದಿದ್ದರೆ ಹಣ ವಾಪಸ್ ಕೊಡಿಸಿ ಅಂತ ಕೇಳಿರಲೇ ಇಲ್ಲ. ನಿರ್ದಿಷ್ಟ ಪರಿಹಾರ ಕಾಯ್ದೆಯ 22ನೇ ಕಲಂ ಪ್ರಕಾರ ಕೇಳದೆ ಕೋರ್ಟ್ ಅದನ್ನು ಕೊಡುವಂತಿಲ್ಲ. ಈ ಒಂದು ಸಾಲು ನಿಮ್ಮ ದಾವೆಯಲ್ಲಿ ಇದೆಯೇ ಅಂತ ವಕೀಲರನ್ನು ಬಾಯಿಬಿಟ್ಟು ಕೇಳಿ. ಅವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ.

ಮಾರುವವರೇ ತಪ್ಪಿದರೆ? ಬಹಳ ಕರಾರುಗಳಲ್ಲಿ "ಮುಂಗಡದ ಎರಡರಷ್ಟು ಕೊಡತಕ್ಕದ್ದು" ಅಂತ ಬರೆದಿರುತ್ತದೆ. ರೇಟು ಏರಿದಾಗ ಕೆಲವರು ಈ ಸಾಲು ಹಿಡಿದುಕೊಂಡು "ಡಬಲ್ ತಗೊಂಡು ಹೋಗ್ರೀ" ಅನ್ನುತ್ತಾರೆ. ಕೊಳ್ಳುವವರು ಅದಕ್ಕೆ ಒಪ್ಪಬೇಕಿಲ್ಲ. ದಂಡದ ಮೊತ್ತ ಬರೆದಿದೆ ಅನ್ನುವ ಕಾರಣಕ್ಕೆ ಕ್ರಯ ಕೇಳುವ ಹಕ್ಕು ಹೋಗುವುದಿಲ್ಲ. ಹಣ ಕೊಟ್ಟು ಕರಾರಿನಿಂದ ಹೊರಬರುವ ಆಯ್ಕೆಯನ್ನೇ ಮಾರುವವರಿಗೆ ಕೊಟ್ಟಿದ್ದರೆ ಮಾತ್ರ ಬೇರೆ ಮಾತು. ಇನ್ನು ಹಣವೇ ಸಾಕು ಅಂತ ನೀವು ಹೊರಟರೂ ಆ ಎರಡರಷ್ಟು ಕಣ್ಣುಮುಚ್ಚಿ ಸಿಗುವುದಿಲ್ಲ. ಕರಾರು ಕಾಯ್ದೆಯ 74ನೇ ಕಲಂನಲ್ಲಿ ಅದು ಮೇಲಿನ ಮಿತಿ, ಕೊಡಿಸುವುದು ನ್ಯಾಯವಾದ ಪರಿಹಾರ.

ಅಡ್ವಾನ್ಸನ್ನು ನಗದಿನಲ್ಲಿ ಕೊಟ್ಟವರ ಪಾಡು ಇನ್ನೂ ಕಷ್ಟ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಮೇಲೆ ನಗದು ಮುಂಗಡ ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ. 2 ಲಕ್ಷ ಅಥವಾ ಮೇಲೆ ನಗದು ಕೊಟ್ಟಿದ್ದೇನೆ ಅಂತ ಯಾರಾದರೂ ದಾವೆಯಲ್ಲಿ ಹೇಳಿದರೆ ಕೋರ್ಟುಗಳು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಅಂತ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮುಟ್ಟುಗೋಲು ಹಾಕಿಕೊಂಡ ಮುಂಗಡಕ್ಕೂ ಮಾರುವವರು ತೆರಿಗೆ ಕಟ್ಟಬೇಕು, ಅದು ಅವರ ಆ ವರ್ಷದ ಆದಾಯ.

ತಡವಾದಷ್ಟೂ ಏರುವ ಖರ್ಚು

2025ರ ಆಗಸ್ಟ್ 31ರಿಂದ ಕರ್ನಾಟಕದಲ್ಲಿ ನೋಂದಣಿ ಶುಲ್ಕ ಶೇಕಡ 1ರಿಂದ 2ಕ್ಕೆ ಏರಿತು. 40 ಲಕ್ಷದ ಮನೆಯ ಕ್ರಯ ಆಗಸ್ಟಿನಲ್ಲಿ ಮುಗಿಯಬೇಕಿದ್ದದ್ದು ಸೆಪ್ಟೆಂಬರಿಗೆ ಜಾರಿದ್ದರೆ 40,000 ರೂಪಾಯಿ ಜಾಸ್ತಿ. ಮುದ್ರಾಂಕ ಶುಲ್ಕ, ಸೆಸ್ಸು ಬೇರೆ. ಸರ್ಕಾರ ಗೊತ್ತು ಮಾಡುವ ಮಾರ್ಗಸೂಚಿ ಬೆಲೆ ಏರಿದರೂ ಇದೇ ಕಥೆ. ಇದನ್ನು ಸಾಮಾನ್ಯವಾಗಿ ಕೊಳ್ಳುವವರೇ ಕಟ್ಟುವುದು. ತಡ ಮಾಡಿದ್ದು ಮಾರುವವರಾದರೆ ಈ ಹೆಚ್ಚಿನ ಹಣವನ್ನು ನೋಟಿಸಿನಲ್ಲೇ ಕೇಳಿಬಿಡಿ. ಡಿಡಿಗೆ ಮೂರು ತಿಂಗಳ ಆಯಸ್ಸು. ಬ್ಯಾಂಕಿನ ಸಾಲ ಮಂಜೂರಾತಿಗೂ ಕೊನೆಯ ದಿನ ಇರುತ್ತದೆ, ಆ ಪತ್ರ ಒಮ್ಮೆ ನೋಡಿ.

"ಮೂರು ವರ್ಷ ಟೈಮ್ ಇದೆ ಬಿಡಿ"

ಟೀ ಅಂಗಡಿ ಕಾನೂನಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಕೇಳುವ ಮಾತಿದು. ಹೌದು, ಕರಾರಿನಲ್ಲಿ ಗೊತ್ತು ಮಾಡಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬಹುದು. ದಿನ ಗೊತ್ತು ಮಾಡಿಲ್ಲದಿದ್ದರೆ, ಎದುರಿನವರು ಕೊಡುವುದಿಲ್ಲ ಅಂದದ್ದು ನಿಮಗೆ ಗೊತ್ತಾದ ದಿನದಿಂದ. ಆದರೆ ಮೂರು ವರ್ಷ ಇದೆ ಅಂತ ಒಂದೆರಡು ವರ್ಷ ಕಾದು ಬರುವವರಿಗೆ ಕ್ರಯ ಕೊಡಿಸಬೇಕಿಲ್ಲ ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಆಸ್ತಿ ಬೆಲೆ ಏರುವ ವೇಗ ನೋಡಿ ಹೇಳಿದ ಮಾತದು. ನನ್ನ ಅಭಿಪ್ರಾಯ ಕೇಳಿದರೆ, ನೋಟಿಸಿನ ಗಡುವು ಮುಗಿದ ತಿಂಗಳಲ್ಲೇ ವಕೀಲರ ಹತ್ತಿರ ಕೂತಿರಬೇಕು.

ಹೋಗುವ ಮೊದಲು ಇಸಿ ಹೊಸದಾಗಿ ತೆಗೆಸಿ, ಅಷ್ಟರಲ್ಲಿ ಬೇರೆಯವರಿಗೆ ಕ್ರಯ ಆಗಿದೆಯೇ ನೋಡಿ. ನಿಮ್ಮ ಕರಾರು ನೋಂದಣಿ ಆಗಿದ್ದರೆ ಇಸಿಯಲ್ಲಿ ಅದು ಕಾಣುತ್ತದೆ, ಆಮೇಲೆ ಕೊಂಡವರು "ನಮಗೆ ಗೊತ್ತೇ ಇರಲಿಲ್ಲ" ಅನ್ನುವುದು ಕಷ್ಟ. ನೋಂದಣಿ ಆಗದ ಕರಾರಿನ ಮೇಲೂ ಕ್ರಯದ ದಾವೆ ಹಾಕಬಹುದು, ಆದರೆ ಗೊತ್ತಿಲ್ಲದೆ, ಪೂರ್ತಿ ಬೆಲೆ ಕೊಟ್ಟು ಕೊಂಡವರ ಮುಂದೆ ಅದು ಸೋಲುತ್ತದೆ. ಇನ್ನು ಕರಾರಿನ ಮೇಲೆಯೇ ಮನೆಗೆ ಬಂದು ಹಾಲುಕ್ಕಿಸಿ ಕೂತವರು ಇದ್ದಾರೆ. 2001ರ ನಂತರದ ಕರಾರಾದರೆ, ಅದು ನೋಂದಣಿ ಆಗಿಲ್ಲದಿದ್ದರೆ ಸ್ವಾಧೀನಕ್ಕೆ ಕಾಯ್ದೆಯ ರಕ್ಷಣೆ ಸಿಗುವುದಿಲ್ಲ.

ಕೋರ್ಟ್ ಶುಲ್ಕ ಕೇಳಿ ಬೆಚ್ಚಬೇಡಿ. ಕ್ರಯ ಮಾಡಿಸಿಕೊಡಿ ಅಂತ ಹಾಕುವ ದಾವೆಗೆ ಶುಲ್ಕ ಲೆಕ್ಕ ಹಾಕುವುದು ಅಡ್ವಾನ್ಸಿನ ಮೇಲಲ್ಲ, ಮನೆಯ ಪೂರ್ತಿ ಬೆಲೆಯ ಮೇಲೆ. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಆ ಶುಲ್ಕ ವಾಪಸ್ ಬರುತ್ತದೆ.

ಪೊಲೀಸ್ ಠಾಣೆಗೆ ಓಡುವವರೂ ಇದ್ದಾರೆ. ಕರಾರು ಮುರಿದದ್ದೇ ವಂಚನೆ ಆಗುವುದಿಲ್ಲ, ಮೊದಲಿನಿಂದಲೇ ಮೋಸದ ಉದ್ದೇಶ ಇತ್ತು ಅಂತ ತೋರಿಸಬೇಕು. ಒಂದೇ ಮನೆಗೆ ಇಬ್ಬರ ಹತ್ತಿರ ಅಡ್ವಾನ್ಸ್ ತೆಗೆದುಕೊಂಡಿದ್ದರೆ ಠಾಣೆಯ ಮಾತು ಬರಬಹುದು. ಬರೀ ತಡವಾದದ್ದಕ್ಕೆ ಹೋದರೆ "ಸಿವಿಲ್ ವಿಷಯ, ಕೋರ್ಟಿಗೆ ಹೋಗಿ" ಅಂತ ಕಳಿಸುತ್ತಾರೆ.

ಬೇಡ, ಮುರಿದುಕೊಳ್ಳೋಣ ಅಂದರೆ

ಇಬ್ಬರೂ ಒಪ್ಪಿ ಬಿಡುವುದಾದರೆ ಅದಕ್ಕೂ ಪತ್ರ ಬೇಕು. ನೋಂದಾಯಿತ ಕರಾರಿಗೆ ನೋಂದಾಯಿತ ರದ್ದು ಪತ್ರವನ್ನೇ ಮಾಡಿಸಿ. ಮಾರುವವರಿಗೆ ಇದು ಜಾಸ್ತಿ ಮುಖ್ಯ. "ಅಡ್ವಾನ್ಸ್ ಮುಟ್ಟುಗೋಲು, ಮುಗೀತು" ಅಂತ ಎದ್ದು ಹೋದರೂ ಇಸಿಯಲ್ಲಿ ಆ ಕರಾರು ಕೂತೇ ಇರುತ್ತದೆ. ಮುಂದಿನ ಗಿರಾಕಿಯ ಬ್ಯಾಂಕು ಅದನ್ನು ನೋಡಿ ಸಾಲ ನಿಲ್ಲಿಸುತ್ತದೆ. ಎರಡು ಲಕ್ಷ ಉಳಿಸಲು ಹೋಗಿ, ಮಾರಲಾಗದ ಮನೆಯನ್ನು ಇಟ್ಟುಕೊಂಡು ಕೂತವರು ನಮ್ಮ ಬಿ.ಎಂ. ರಸ್ತೆಯಲ್ಲೇ ಇದ್ದಾರೆ.

ಕೊಳ್ಳುವವರು ರದ್ದು ಪತ್ರಕ್ಕೆ ಸಹಿ ಹಾಕುವುದು ಹಣ ಖಾತೆಗೆ ಬಂದ ಮೇಲೆ. ಮುಂದಿನ ತಾರೀಖಿನ ಚೆಕ್ ಕೊಡುತ್ತೇನೆ ಅಂದರೆ ಚೆಕ್ ನಂಬರನ್ನು ಪತ್ರದಲ್ಲೇ ಬರೆಸಿ, ಪಾಸಾಗುವವರೆಗೆ ಮೂಲ ಕರಾರು ಕೈಬಿಡಬೇಡಿ. ಚೆಕ್ ಬೌನ್ಸ್ ಆದರೆ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ನೋಟಿಸ್ ಕೊಡಬೇಕು. ಅದು ತಲುಪಿದ ಮೇಲೆ ಹಣ ಕೊಡಲು ಅವರಿಗೆ 15 ದಿನ. ಆಗಲೂ ಕೊಡದಿದ್ದರೆ ನಂತರದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು ಹಾಕಬೇಕು.